ಮೂವತ್ತೆರಡು ಹಲ್ಲಿನ ಸಿನಿಮಾ

ಬೇರೆಯವರು ಸಿನಿಮಾಕ್ಕೆ ನಕ್ಷತ್ರ ಕೊಡುತ್ತಾರೆ, ನಾವು ಹಲ್ಲು ಕೊಡುತ್ತೇವೆ. ನಾವು ನಾಲ್ಕು ಜನ ಕೃತಕ ಹಲ್ಲು ತಯಾರಿಸುವವರು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಅದಕ್ಕೆ ಹೊಂದುವ ಹಲ್ಲಿನ ಸೆಟ್ಟು ಮಾಡಿ ವಾಪಸು ಕಳಿಸುತ್ತೇವೆ. ನಮ್ಮಲ್ಲಿ ಮೂವತ್ತೆರಡು ಹಲ್ಲು ಸಿಕ್ಕ ಸಿನಿಮಾಕ್ಕೆ ಕಣ್ಣು ಮುಚ್ಚಿಕೊಂಡು ಹೋಗಬಹುದು. ಇಪ್ಪತ್ತು ಸಿಕ್ಕರೆ ಪರವಾಗಿಲ್ಲ. ಹತ್ತಕ್ಕಿಂತ ಕೆಳಗೆ ಇಳಿದರೆ ಆ ಹೊತ್ತಿನಲ್ಲಿ ಮನೆಯ ಜೇಡರ ಬಲೆ ತೆಗೆಯುವುದು ಮೇಲು. ಒಂದೂ ಸಿಗದಿದ್ದರೆ ಬೊಚ್ಚುಬಾಯಿ.

ಈ ಪಂಚಾಯಿತಿ ಸೇರುವುದು ಸೋಮವಾರ ಮಧ್ಯಾಹ್ನ, ಊಟದ ಡಬ್ಬಿ ಬಿಚ್ಚಿದಾಗ. ಅಚ್ಚಿಗೆ ಪ್ಲಾಸ್ಟರ್ ಸುರಿಯುವ ಹಿರಿಯಳನ್ನು ಎಲ್ಲರೂ ಗಾರೆಯಕ್ಕ ಅನ್ನುತ್ತಾರೆ. ತಯಾರಾದ ಸೆಟ್ಟಿಗೆ ಹೊಳಪು ಕೊಡುವವನು ಮಿಂಚು. ವಯಸ್ಸು ನಲವತ್ತು ದಾಟಿದೆ, ಮದುವೆಯಾಗಿಲ್ಲ, ಮಾತಿಗೆ ಬ್ರೇಕಿಲ್ಲ. ಯಜಮಾನರು ಕಿಟಕಿಯ ಬಳಿ ಕೂತು ಹಲ್ಲಿನ ಬಣ್ಣ ಹೊಂದಿಸುತ್ತಾರೆ. ನಾನು ಮೇಣದಲ್ಲಿ ಹಲ್ಲು ಕೂರಿಸುವವಳು. ಮೇಲಿನದು ಕೆಳಗಿನದರ ಮೇಲೆ ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಹಾಕಿಕೊಂಡವರು ಪ್ರತಿ ತುತ್ತಿಗೂ ನನಗೆ ಶಾಪ ಹಾಕುತ್ತಾರೆ.

ಪಂಚಾಯಿತಿಗೆ ಇರುವುದು ಒಂದೇ ಕಟ್ಟುನಿಟ್ಟು. ನಾಲ್ವರಲ್ಲಿ ಒಬ್ಬರು ಸಿನಿಮಾ ನೋಡಿಲ್ಲದಿದ್ದರೂ ಇಂಟರ್ವಲ್ ಆಚೆಯ ಕಥೆ ಹೇಳುವಂತಿಲ್ಲ. ಹೇಳಿದವರು ಆವತ್ತು ಎಲ್ಲರ ಡಬ್ಬಿ ತೊಳೆಯಬೇಕು. ನಾಲ್ವರೂ ಒಂದೇ ವಾರ ಒಂದೇ ಸಿನಿಮಾ ನೋಡುವುದು ಎಲ್ಲೋ ಅಪರೂಪ. ಹಾಗಾಗಿ ಮೊದಲರ್ಧವನ್ನು ಅಗಿದು ಅಗಿದು, ಕೊನೆಗೆ ಇಷ್ಟು ಹಲ್ಲು ಅಂತ ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆವು. ಈ ಒಂದು ನಿಯಮದಿಂದಾಗಿ ನಾನು ನಾಲ್ಕು ವರ್ಷ ಮೂರ್ಖಳಾಗಿದ್ದೆ ಅಂತ ಆಮೇಲೆ ತಿಳಿಯಿತು.

ಅಲ್ಲಿ ಎಲ್ಲರ ಲೆಕ್ಕದಲ್ಲಿ ನಾನು ಪ್ರತಿ ಭಾನುವಾರ ಗಂಡನ ಜೊತೆ ಸಿನಿಮಾಕ್ಕೆ ಹೋಗುವ ಅದೃಷ್ಟವಂತೆ. "ನಾವು ನೋಡಿದ್ವಿ" ಅನ್ನುತ್ತಿದ್ದೆ, ಅವರು ನಂಬುತ್ತಿದ್ದರು. ನಿಜವೇನೆಂದರೆ ಒಂದು ಭಾನುವಾರ ಇವರು, ಅಂದರೆ ನನ್ನ ಗಂಡ, ಹೋಗುತ್ತಿದ್ದರು. ಮುಂದಿನ ಭಾನುವಾರ ನಾನು. ನಮ್ಮತ್ತೆಗೆ ಪಾರ್ಶ್ವವಾಯು ಬಡಿದು ನಾಲ್ಕು ವರ್ಷ. ಬಲಗೈ ಬಲಗಾಲು ಸತ್ತಿವೆ, ಬಾಯಿ ಒಂದು ಕಡೆ ಜೋತಿದೆ, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ನಾನೇ ಕೂತು ಮಾಡಿಕೊಟ್ಟ ಹಲ್ಲಿನ ಸೆಟ್ಟು ಆ ಜೋತ ಬಾಯಲ್ಲಿ ನಿಲ್ಲುವುದಿಲ್ಲ ಅಂತ ಲೋಟದ ನೀರಿನಲ್ಲಿ ಮುಳುಗಿ ಕೂತಿದೆ. ಒಬ್ಬರು ಮನೆಯಲ್ಲಿ ಇರಲೇಬೇಕು. ಅದಕ್ಕೇ ಈ ಸರದಿ.

ನೋಡಿ ಬಂದವರು ಉಳಿದವರಿಗೆ ಕಥೆ ಹೇಳುವುದು ನಮ್ಮ ಮನೆಯ ಪದ್ಧತಿ. ಅತ್ತೆಯ ಮಂಚದ ಪಕ್ಕ ಎರಡು ಕುರ್ಚಿ ಹಾಕಿಕೊಂಡು, ಟೀ ಕುಡಿಯುತ್ತಾ, ಒಂದು ಗಂಟೆ. ವಾರದಲ್ಲಿ ಉಳಿದೆಲ್ಲ ದಿನ ನಮ್ಮ ಮಾತು ಔಷಧಿ, ಬೆಡ್‌ಶೀಟು, ಗ್ಯಾಸು. ಆ ಒಂದು ಗಂಟೆ ಮಾತ್ರ ನಾವು ಗಂಡ ಹೆಂಡತಿಯ ಹಾಗೆ ಮಾತಾಡುತ್ತಿದ್ದೆವು. ಇವರು ಕಥೆ ಹೇಳುವುದರಲ್ಲಿ ಗಟ್ಟಿಗರು. ಬಾಗಿಲು ಕಿರುಗುಟ್ಟಿದ್ದು, ಯಾರೋ ಚಪ್ಪಲಿ ಬಿಟ್ಟಿದ್ದು, ಎಲ್ಲ ಸದ್ದು ಮಾಡಿ ತೋರಿಸುತ್ತಿದ್ದರು. ಆ ಒಂದು ಗಂಟೆಯ ಆಸೆಗೆ ನಾನು ಉಳಿದ ಆರು ದಿನ ದೂಡುತ್ತಿದ್ದೆ ಅಂದರೆ ಯಾರಾದರೂ ನಗಬಹುದು. ನಗಲಿ.

ಅತ್ತೆಗೂ ಕಥೆ ಬೇಕು. ಇವರು ಇಂಟರ್ವಲ್ ದಾಟಿ ಸ್ವಲ್ಪ ಮುಂದೆ ಹೋದರೆ ಸಾಕು, ಆ ಸೊಟ್ಟ ಬಾಯಲ್ಲಿ ಕೇಳುತ್ತಿದ್ದರು: "ಮುದುಕಿ ಸತ್ತಳಾ?" ಎಲ್ಲ ಸಲವೂ ಅದೇ ಪ್ರಶ್ನೆ. ನನಗೆ ನಗು. "ಇರಿ ಅತ್ತೆ, ಅವಸರ ಮಾಡ್ಬೇಡಿ, ಇನ್ನೇನು ಸಾಯ್ತಾಳೆ" ಅನ್ನುತ್ತಿದ್ದೆ. ಕಥೆ ಮುಗಿದ ಮೇಲೆ "ಎಷ್ಟು ಹಲ್ಲು ಅತ್ತೆ?" ಅಂದರೆ ಎಡಗೈ ಬೆರಳು ಮೊದಲು ಮೂರು, ಆಮೇಲೆ ಎರಡು ಎತ್ತುತ್ತಿದ್ದರು. ಮಗ ಹೇಳಿದ ಯಾವ ಕಥೆಗೂ ಅವರು ಒಂದು ಹಲ್ಲು ಕಮ್ಮಿ ಕೊಟ್ಟವರಲ್ಲ.

ನನ್ನ ಕಡೆಯಿಂದಲೂ ಒಂದು ಕಳ್ಳತನ ಇದೆ, ಮುಚ್ಚಿಡುವುದಿಲ್ಲ. ನಾನು ಯಾವ ಸಿನಿಮಾದ ಕೊನೆಯನ್ನೂ ನೋಡಿದವಳಲ್ಲ. ಆಟ ಮುಗಿಯುವುದು ಐದೂ ಹತ್ತಕ್ಕೆ. ಥಿಯೇಟರ್ ಮುಂದಿನಿಂದ ನಮ್ಮ ಕಡೆಗೆ ನಲವತ್ತು ನಿಮಿಷಕ್ಕೊಂದು ಬಸ್ಸು. ಐದು ಗಂಟೆಯ ಬಸ್ಸು ಹಿಡಿದರೆ ಐದೂವರೆಗೆ ಅತ್ತೆಯ ಮಗ್ಗುಲು ಬದಲಿಸಬಹುದು. ಇವರಿಗೆ ಸೊಂಟನೋವು, ಮೂರೂವರೆಗೆ ಒಂದು ಸಲ ಹೇಗೋ ಹೊರಳಿಸಿದರೆ ಎರಡನೆಯ ಸಲ ಒಬ್ಬರ ಕೈಲೇ ಆಗದು. ಇವರ ಸರದಿಯ ದಿನ ನಾನು ಒಬ್ಬಳೇ ಹೊರಳಿಸುತ್ತೇನಲ್ಲ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಕೊನೆಯ ಹದಿನೈದು ನಿಮಿಷ ಬಿಟ್ಟು ಓಡಿಬಂದು, ಆ ಹದಿನೈದು ನಿಮಿಷವನ್ನು ಬಸ್ಸಿನಲ್ಲಿ ನಾನೇ ಹೆಣೆಯುತ್ತಿದ್ದೆ. ಸಾಮಾನ್ಯವಾಗಿ ಎಲ್ಲರೂ ರಾಜಿಯಾಗಿ ಮನೆಗೆ ಬಂದು ಊಟಕ್ಕೆ ಕೂರುತ್ತಿದ್ದರು. ಅದಕ್ಕಿಂತ ಹೆಚ್ಚಿನ ಕೊನೆ ನನಗೆ ಹೊಳೆಯುತ್ತಿರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ನಾಲ್ವರೂ ಈಜು ಕಲಿಸುವವನ ಸಿನಿಮಾ ನೋಡಿದ್ದೆವು. ಅಂದರೆ ಮೂವರು ನೋಡಿದ್ದರು, ನಾನು ಇವರ ಬಾಯಲ್ಲಿ ಕೇಳಿದ್ದೆ. ನಿಯಮ ಸಡಿಲವಾಯಿತು, ಇಡೀ ಕಥೆ ಮಾತಾಡಬಹುದು ಅಂತ ಮಿಂಚು ಡಬ್ಬಿಯ ಮುಚ್ಚಳ ಬಡಿದ. ಗಾರೆಯಕ್ಕ ಇಪ್ಪತ್ತೆಂಟು ಕೊಟ್ಟಳು. ಯಜಮಾನರು ಇಪ್ಪತ್ತಾರು. ನನ್ನ ಬಳಿ ಎಷ್ಟೋ ದಿನದಿಂದ ಕೂಡಿಟ್ಟ ಒಂದು ಅಭಿಪ್ರಾಯವಿತ್ತು. ಸಿಕ್ಕಿದ ಅವಕಾಶ ಬಿಡಬಾರದೆಂದು ಅದನ್ನು ಹೊರಗೆ ಹಾಕಿದೆ.

"ನಾನು ಹನ್ನೆರಡರ ಮೇಲೆ ಕೊಡಲ್ಲ" ಅಂದೆ. "ಈಗಿನ ಸಿನಿಮಾದವರಿಗೆ ಬೇರೆ ಕಥೆನೇ ಗೊತ್ತಿಲ್ಲ. ಇಂಟರ್ವಲ್ ಆದ ತಕ್ಷಣ ಮನೇಲಿರೋ ಮುದುಕಿನ ಸಾಯಿಸ್ತಾರೆ. ಸಾಯಿಸಿದ ಮೇಲೆ ಹೀರೋ ಮನೆ ಮಾರಿ ಎಲ್ಲಿಗೋ ಹೊರಟು ಹೋಗ್ತಾನೆ. ಎಲ್ಲಾ ಸಿನಿಮಾನೂ ಇದೇ."

ಮೂವರೂ ಅಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಯಾವ ಮುದುಕಿ?" ಅಂದ ಮಿಂಚು.

"ಅವನ ತಾಯಿ. ಈಜು ಕಲಿಸೋನ ತಾಯಿ."

"ಅಕ್ಕ, ಆಕೆ ಸಾಯೋದೇ ಇಲ್ಲ. ಆಕೇನೇ ಕೊಳಕ್ಕೆ ಇಳೀತಾಳೆ. ಸೆಕೆಂಡ್ ಹಾಫ್ ಪೂರ್ತಿ ಆಕೇದೇ. ಕೊನೇಲಿ ತಾಯಿ ಮಗ ಇಬ್ರೂ ದೋಣೀಲಿ ಹೋಗ್ತಾರಲ್ಲ, ಇಡೀ ಥಿಯೇಟರ್ ಎದ್ದು ನಿಂತಿತ್ತು. ನೀವು ಯಾವ ಲೋಕದಲ್ಲಿ ಕೂತಿದ್ರಿ?"

"ನಿದ್ದೆ ಹೊಡೆದಿರ್ತಾಳೆ" ಅಂದಳು ಗಾರೆಯಕ್ಕ. "ಗಂಡನ ಭುಜ ಸಿಕ್ಕಿದ್ರೆ ನಾನೂ ಹೊಡೀತಿದ್ದೆ."

ಎಲ್ಲರೂ ನಕ್ಕರು. ನಾನೂ ಹೌದು ನಿದ್ದೆ ಬಂದಿತ್ತು ಅಂತ ಹಲ್ಲು ಕಿರಿದೆ. ಆದರೆ ಊಟವಾದ ಮೇಲೆ ಕೆಲಸಕ್ಕೆ ಕೂತಾಗ ಮೇಣದಲ್ಲಿ ಎಡಗಡೆಯ ಹಲ್ಲನ್ನು ಬಲಗಡೆ ಕೂರಿಸಿದ್ದೆ. ಇಪ್ಪತ್ತು ವರ್ಷದ ಕೆಲಸದಲ್ಲಿ ಅಂಥ ತಪ್ಪು ಅದೇ ಮೊದಲು.

ಆ ವಾರವೆಲ್ಲ ನಾನು ಮಿಂಚುವಿನ ಬೆನ್ನು ಬಿಡಲಿಲ್ಲ. ಮೋಟಾರು ನಿಲ್ಲಿಸಿದಾಗಲೆಲ್ಲ ಹೋಗಿ ಒಂದೊಂದು ಹಳೆಯ ಸಿನಿಮಾ ಎತ್ತುತ್ತಿದ್ದೆ. ಅವನಿಗೆ ಕೇಳುವವರು ಸಿಕ್ಕರೆ ಸಾಕು, ಮೊದಲಿಂದ ಕೊನೆವರೆಗೆ ಬಿಡಿಸಿಟ್ಟ. ಗಡಿಯಾರ ರಿಪೇರಿಯವನ ಸಿನಿಮಾ. ಅದರಲ್ಲಿ ಅವನ ಚಿಕ್ಕಮ್ಮ ಇಂಟರ್ವಲ್ ಆದ ಮೇಲೆ ನೆಗಡಿಯಾಗಿ ಸತ್ತಳು ಅಂತ ಇವರು ಹೇಳಿದ್ದರು. ಮಿಂಚು ಹೇಳಿದ ಪ್ರಕಾರ ಚಿಕ್ಕಮ್ಮನೇ ಕಳ್ಳಿ, ಕೊನೆಯ ದೃಶ್ಯದಲ್ಲಿ ಜೈಲಿನಿಂದ ನಗುತ್ತಾ ಬರುತ್ತಾಳೆ. ಬಸ್ ಕಂಡಕ್ಟರನ ಸಿನಿಮಾದಲ್ಲಿ ಮನೆ ಮಾಲೀಕಳಾದ ಮುದುಕಿಗೆ ಮೊದಲರ್ಧದಲ್ಲಿ ಎರಡೇ ಎರಡು ಮಾತಿವೆ. ಪಾಪ, ಅವಳನ್ನೂ ಇವರು ಬಿಟ್ಟಿರಲಿಲ್ಲ. ಇಂಟರ್ವಲ್‌ವರೆಗೆ ಮಿಂಚು ಹೇಳಿದ್ದೂ ಇವರು ಹೇಳಿದ್ದೂ ಒಂದೇ, ಬಾಗಿಲು ಕಿರುಗುಟ್ಟಿದ್ದೂ ಒಂದೇ. ಅಲ್ಲಿಂದಾಚೆ ಇವರ ಕಥೆ ಯಾವ ಪರದೆಯ ಮೇಲೂ ಇರಲಿಲ್ಲ.

ಇವರು ಇಂಟರ್ವಲ್‌ಗೆ ಎದ್ದು ಹೋಗುತ್ತಾರೆ. ಎಲ್ಲಿಗೆ? ಹೆಂಗಸು, ಮತ್ತಿನ್ನೇನು ಅಂದುಕೊಂಡೆ. ಹಾಗಂದುಕೊಂಡಾಗ ಹೊಟ್ಟೆ ಉರಿಯಿತು, ಜೊತೆಗೆ ಸ್ವಲ್ಪ ಸಮಾಧಾನವೂ ಆಯಿತು. ಅದಕ್ಕೆ ಜಗಳವಾಡುವ ದಾರಿ ಎಲ್ಲರಿಗೂ ಗೊತ್ತು.

ಇವರ ಮುಂದಿನ ಸರದಿಯ ಭಾನುವಾರ ಕೆಳಗಿನ ಮನೆಯ ನರ್ಸಮ್ಮನ ಬಾಗಿಲು ತಟ್ಟಿದೆ. ಆಸ್ಪತ್ರೆಯಿಂದ ನಿವೃತ್ತಿಯಾದವರು, ಒಬ್ಬರೇ ಇರುತ್ತಾರೆ. ಎರಡು ಗಂಟೆ ಅತ್ತೆಯ ಹತ್ತಿರ ಕೂರಬಹುದಾ ಅಂತ ಕೇಳಿದೆ. ನಾಲ್ಕು ವರ್ಷದಲ್ಲಿ ಯಾರನ್ನೂ ಇಷ್ಟು ಕೇಳಿರಲಿಲ್ಲ. ಬೇರೆಯವರ ಹೇಲು ಉಚ್ಚೆಗೆ ಯಾರು ಬರುತ್ತಾರೆ ಅಂತ ಇವರು ಮೊದಲ ದಿನವೇ ಹೇಳಿದ್ದರು, ನಾನೂ ತಲೆಯಾಡಿಸಿದ್ದೆ.

"ಅದಕ್ಕೇನಂತೆ" ಅಂದರು ನರ್ಸಮ್ಮ, ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಾ. "ಭಾನುವಾರ ನನಗೇನು ಕೆಲಸ? ನೀವಿಬ್ರೂ ಯಾಕಮ್ಮ ಒಬ್ಬೊಬ್ರೇ ಹೋಗ್ತೀರಿ ಅಂತ ನಾನೇ ಎಷ್ಟೋ ಸಲ ಅಂದ್ಕೊಂಡಿದ್ದೆ. ಕೇಳಿದ್ರೆ ಯಾವತ್ತೋ ಬಂದು ಕೂರ್ತಿದ್ದೆ."

ಆ ಮಾತು ನನ್ನ ಕೆನ್ನೆಗೆ ಬಿದ್ದ ಹಾಗಾಯಿತು. ನಾಲ್ಕು ವರ್ಷ, ಇನ್ನೂರು ಭಾನುವಾರ. ಒಂದು ಬಾಗಿಲು ತಟ್ಟಿದ್ದರೆ ನಾವಿಬ್ಬರೂ ಪಕ್ಕಪಕ್ಕ ಕೂತು ಸಿನಿಮಾ ನೋಡಬಹುದಿತ್ತು. ಮೆಟ್ಟಿಲು ಇಳಿಯುವಾಗ ನನಗೆ ಇವರ ಮೇಲಿಗಿಂತ ನನ್ನ ಮೇಲೇ ಸಿಟ್ಟು ಬಂದಿತ್ತು.

ಥಿಯೇಟರ್ ಎದುರಿಗೆ ರಸ್ತೆಯಾಚೆ ಔಷಧಿ ಅಂಗಡಿ. ಅತ್ತೆಯ ಡೈಪರ್ ಕೊಳ್ಳುವ ನೆಪದಲ್ಲಿ ಒಳಗೆ ನಿಂತೆ. ಮೂರೂ ಇಪ್ಪತ್ತೈದಕ್ಕೆ ಜನ ಹೊರಗೆ ಬಂದರು. ಕೆಲವರು ಟೀಗೆ, ಕೆಲವರು ಸಿಗರೇಟಿಗೆ. ಅವರ ನಡುವೆ ಇವರು. ನಾನು ಇಸ್ತ್ರಿ ಮಾಡಿಕೊಟ್ಟ ನೀಲಿ ಅಂಗಿ. ಗಂಟೆ ಹೊಡೆಯಿತು, ಎಲ್ಲರೂ ಒಳಗೆ ಹೋದರು. ಇವರು ಹೋಗಲಿಲ್ಲ. ಕಾಗದದ ಲೋಟದಲ್ಲಿ ಟೀ ಹಿಡಿದು ಬಸ್ ನಿಲ್ದಾಣಕ್ಕೆ ಬಂದು ಸಿಮೆಂಟ್ ಬೆಂಚಿನ ಮೇಲೆ ಕೂತರು.

ಈಗ ಬರುತ್ತಾಳೆ ಅಂತ ಕಾದೆ. ಯಾರೋ ಕೊಡೆ ಹಿಡಿದು ಬಂದಳು, ಬಂದ ಹಾಗೇ ಹೋದಳು. ಇನ್ನೊಬ್ಬಳು ಅದೇ ಬೆಂಚಿನ ತುದಿಯಲ್ಲಿ ಕೂತಳು. ಇವರು ಅವಳ ಕಡೆ ತಿರುಗಿಯೂ ನೋಡಲಿಲ್ಲ. ಮೂರೂ ನಲವತ್ತರ ಬಸ್ಸು ಬಂತು, ಅವಳು ಹತ್ತಿದಳು, ಇವರು ಹತ್ತಲಿಲ್ಲ. ಅದು ನಮ್ಮ ಮನೆಯ ಕಡೆಗೇ ಹೋಗುವ ಬಸ್ಸು. ಫೋನು ತೆಗೆಯಲಿಲ್ಲ, ಪೇಪರು ಓದಲಿಲ್ಲ. ಶೂ ಕಳಚಿ ಪಕ್ಕಕ್ಕಿಟ್ಟು ಕಾಲು ಚಾಚಿದರು. ನಾಲ್ಕೂ ಇಪ್ಪತ್ತರ ಬಸ್ಸು ಬಂತು, ಹೋಯಿತು. ಮುಖ ನೋಡಿದೆ. ಮದುವೆಯ ಹೊಸತರಲ್ಲಿ ಭಾನುವಾರ ಬೆಳಿಗ್ಗೆ ಮಲಗಿ ಎದ್ದಾಗ ಇವರ ಮುಖ ಹಾಗಿರುತ್ತಿತ್ತು. ಆ ಮುಖ ಇನ್ನೂ ಇದೆ, ನಮ್ಮ ಮನೆಗೆ ಮಾತ್ರ ಬರುವುದಿಲ್ಲ ಅಂತ ಅವತ್ತು ಗೊತ್ತಾಯಿತು. ಹೆಂಗಸು ಬರಲಿ, ದಯವಿಟ್ಟು ಯಾರಾದರೂ ಬರಲಿ ಅಂತ ಅಲ್ಲಿ ನಿಂತು ಬೇಡಿಕೊಂಡೆ. ಯಾರೂ ಬರಲಿಲ್ಲ. ಇವರು ಯಾರ ಹತ್ತಿರವೂ ಹೋಗುತ್ತಿರಲಿಲ್ಲ. ನಮ್ಮ ಹತ್ತಿರ ಬರುವುದನ್ನು ಎರಡು ಗಂಟೆ ಮುಂದಕ್ಕೆ ಹಾಕುತ್ತಿದ್ದರು, ಅಷ್ಟೇ.

ಇವರಿಗಿಂತ ಮೊದಲು ನಾನು ಮನೆ ಸೇರಬೇಕಿತ್ತು. ಹಿಂದಿನ ನಿಲ್ದಾಣದವರೆಗೆ ನಡೆದು ಐದು ಗಂಟೆಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಅದು ಬಂದು ಆ ಬೆಂಚಿನ ಮುಂದೆಯೇ ನಿಂತಿತು. ಇವರು ತಲೆಯೆತ್ತಿ ಬಸ್ಸಿನ ನಂಬರು ನೋಡಿದರು. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಾನಿದ್ದೆ. ನಮ್ಮ ಮನೆಯ ಬಸ್ಸು ಅಂತ ಗೊತ್ತಾದ ಕೂಡಲೇ ಮುಖ ಆ ಕಡೆ ತಿರುಗಿಸಿಕೊಂಡರು. ನನ್ನನ್ನು ನೋಡಲಿಲ್ಲ. ಬಸ್ಸು ಹೊರಟಿತು.

ನರ್ಸಮ್ಮ ಅತ್ತೆಯ ತಲೆ ಬಾಚಿ, ಮಗ್ಗುಲು ಬದಲಿಸಿ ಕೂತಿದ್ದರು. ಮುಂದಿನ ವಾರವೂ ಬರುತ್ತೇನೆ ಅಂತ ಹೇಳಿ ಹೋದರು. ಐದೂವರೆಗೆ ನಾನು ಅತ್ತೆಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿ ಟೀಗೆ ನೀರಿಟ್ಟೆ. ಆರೂ ಐದಕ್ಕೆ ಇವರು ಬಂದರು.

"ಚೆನ್ನಾಗಿತ್ತು ಕಣೆ" ಅಂದರು ಕುರ್ಚಿ ಎಳೆದುಕೊಳ್ಳುತ್ತಾ. "ಬೀಗ ರಿಪೇರಿ ಮಾಡೋನ ಕಥೆ. ಅವನಿಗೊಬ್ಬಳು ಅಜ್ಜಿ."

ನಾನು ಟೀ ಕೊಟ್ಟೆ. ಇವರು ಶುರು ಮಾಡಿದರು. ಬೀಗದೊಳಗೆ ತಂತಿ ತಿರುಗಿಸುವ ಸದ್ದು, ಅಜ್ಜಿ ಕೋಲು ಊರಿಕೊಂಡು ಬರುವ ಸದ್ದು. ಎಂದಿನಂತೆ ಚೆನ್ನಾಗಿಯೇ ಹೇಳುತ್ತಿದ್ದರು. ನನಗೆ ಹಳೆಯ ಕಥೆಗಳೆಲ್ಲ ಸಾಲಾಗಿ ನೆನಪಾದವು. ಚಿಕ್ಕಮ್ಮ, ಮನೆ ಮಾಲೀಕಳು, ಈಜು ಕಲಿಸುವವನ ತಾಯಿ. ಎಲ್ಲರೂ ಇಂಟರ್ವಲ್ ಆದ ಮೇಲೆ ಸತ್ತು, ಮಗನನ್ನೋ ಮೊಮ್ಮಗನನ್ನೋ ಬಾಡಿಗೆದಾರನನ್ನೋ ಬಿಡುಗಡೆ ಮಾಡಿದವರು. ನಾಲ್ಕು ವರ್ಷ ಇವರು ಹೆತ್ತ ತಾಯಿಯ ಮಂಚದ ಪಕ್ಕ ಕೂತು ಒಂದೇ ಕಥೆ ಹೇಳುತ್ತಿದ್ದರು. ನಾನು ಅದನ್ನು ಸಿನಿಮಾದವರ ತಪ್ಪು ಅಂದುಕೊಂಡು ಹನ್ನೆರಡು ಹಲ್ಲು ಕೊಟ್ಟು ಬಂದಿದ್ದೆ.

"ಅಜ್ಜಿ ಪೆಟ್ಟಿಗೆಗೆ ಬೀಗ ಹಾಕಿ ಬೀಗದಕೈ ಎಲ್ಲೋ ಇಟ್ಟು ಮರೆತುಬಿಡ್ತಾಳೆ. ಅಲ್ಲಿಗೆ ಇಂಟರ್ವಲ್" ಅಂದರು. ಟೀ ಗುಟುಕರಿಸಿದರು. "ಆಮೇಲೆ..."

"ಆಮೇಲೆ ಎಲ್ಲಿ ಕೂತಿದ್ರಿ?" ಅಂದೆ.

"ಎಲ್ಲಿ ಅಂದ್ರೆ?"

"ಮೊದಲರ್ಧ ಥಿಯೇಟರ್‌ನಲ್ಲಿ ನೋಡಿದ್ರಿ. ಬೆಂಚ್ ಮೇಲಿಂದ ಮಿಕ್ಕಿದ್ದು ಚೆನ್ನಾಗಿ ಕಾಣ್ತಿತ್ತಾ? ನಾನು ಐದು ಗಂಟೆ ಬಸ್ಸಲ್ಲಿದ್ದೆ."

ಇವರು ಲೋಟ ಕೆಳಗಿಟ್ಟರು. ಕೂಗಾಡಲಿ, ಸುಳ್ಳು ಹೇಳಲಿ, ಏನಾದರೂ ಮಾಡಲಿ ಅಂತ ಕಾದೆ. ಇವರು ಅಮ್ಮನ ಕಡೆ ನೋಡಿದರು. ನಾನೂ ನೋಡಿದೆ. ಅತ್ತೆಯ ಕಣ್ಣು ಮಗನ ಮೇಲೇ ನೆಟ್ಟಿತ್ತು.

"ಹೇಳೋ" ಅಂದರು ಅತ್ತೆ, ಒಂದೊಂದೇ ಅಕ್ಷರ ಎಳೆದು. "ಮುದುಕಿ ಸತ್ತಳಾ?"

ಆ ಪ್ರಶ್ನೆ ಅವತ್ತು ನನಗೆ ಮೊದಲ ಸಲ ಸರಿಯಾಗಿ ಕೇಳಿಸಿತು. ನಾಲ್ಕು ವರ್ಷ ಅದನ್ನು ಕೇಳಿ ನಕ್ಕಿದ್ದೆ. ಇವರಿಗೂ ಅದು ಕೇಳಿಸಿತು.

"ಇಲ್ಲಮ್ಮ" ಅಂದರು ಕೊನೆಗೆ. "ಸಾಯಲ್ಲ. ಹುಷಾರಾಗ್ತಾಳೆ. ಮೊಮ್ಮಗ ಬೀಗ ಒಡೀತಾನೆ, ಪೆಟ್ಟಿಗೇಲಿ... ಪೆಟ್ಟಿಗೇಲಿ ಹಳೇ ಫೋಟೋ ಇರುತ್ತೆ. ಅಜ್ಜಿ ಎದ್ದು ಓಡಾಡ್ತಾಳೆ. ಎಲ್ರೂ ಒಟ್ಟಿಗೆ ಕೂತು ಊಟ ಮಾಡ್ತಾರೆ. ಅಷ್ಟೇ."

ಅದು ನಾನು ಬಸ್ಸಿನಲ್ಲಿ ಹೆಣೆಯುತ್ತಿದ್ದ ಕೊನೆ. ಇವರ ಬಾಯಲ್ಲಿ ಅದಕ್ಕೆ ಒಂದು ಸದ್ದೂ ಇರಲಿಲ್ಲ. ಬಾಗಿಲು ಕಿರುಗುಟ್ಟಲಿಲ್ಲ, ತಟ್ಟೆ ಸದ್ದು ಮಾಡಲಿಲ್ಲ. ಯಾರೋ ಬರೆದುಕೊಟ್ಟ ಅರ್ಜಿಯನ್ನು ಓದಿದ ಹಾಗೆ ಓದಿ ಮುಗಿಸಿದರು.

ರೂಢಿಯ ಮಾತೇ ನನ್ನ ಬಾಯಿಗೆ ಬಂತು.

"ಎಷ್ಟು ಹಲ್ಲು ಅತ್ತೆ?"

ಅತ್ತೆ ಎಡಗೈ ಎತ್ತಿದರು. ಬೆರಳು ಮೂರಾಗಲಿಲ್ಲ, ಎರಡಾಗಲಿಲ್ಲ. ಕೈ ನಿಧಾನವಾಗಿ ತುಟಿಯ ಹತ್ತಿರ ಹೋಯಿತು. ಮಗನನ್ನೇ ನೋಡುತ್ತಾ ಬಾಯಿಯನ್ನು ಆದಷ್ಟು ಅಗಲ ತೆರೆದು, ಬರಿಯ ವಸಡನ್ನು ಬೆರಳಿನಿಂದ ತೋರಿಸಿದರು.

ಇವರು ಎದ್ದು ಮಂಚದ ಆ ಕಡೆಗೆ ಹೋಗಿ ಕಿಟಕಿಯತ್ತ ಮುಖ ಮಾಡಿ ನಿಂತರು. ಏಳೂವರೆಗೆ ಮತ್ತೆ ಮಗ್ಗುಲು ಬದಲಿಸುವ ಹೊತ್ತಾಯಿತು. ನಾನು ಕರೆಯಲಿಲ್ಲ. ಇವರೇ ಬಂದು ಭುಜ ಹಿಡಿದರು, ನಾನು ಸೊಂಟ ಹಿಡಿದೆ, ಇಬ್ಬರೂ ಸೇರಿ ಅವರನ್ನು ಗೋಡೆಯ ಕಡೆಗೆ ಹೊರಳಿಸಿದೆವು.